ಒಂದು ಹೆಸರು, ಹತ್ತು ಮೀಟರು

ಆಗಸ್ಟ್ 6, 2006, ಭಾನುವಾರ

ನಗರಸಭೆಯಿಂದ ಕಾಗದ ಬಂದಿದೆ. ಮೂರು ಸಲ ಓದಿದೆ, ಎರಡನೆಯ ಸಲ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು. ನಮ್ಮ ಹಾರ್ಲನ್ ಕ್ರೀಕ್ ಊರಿನವರೆಲ್ಲ ಸೇರಿ ಒಟ್ಟಿಗೆ ಕರೆಂಟು ಕೊಳ್ಳೋಣ ಎನ್ನುತ್ತಾರೆ. ಒಬ್ಬೊಬ್ಬರೇ ಹೋದರೆ ಲೈಟ್ ಕಂಪನಿಯವರು ಹೇಳಿದ್ದೇ ದರ. ಸಾವಿರದ ಇನ್ನೂರು ಮನೆಯವರು ಸಹಿ ಮಾಡಿಕೊಟ್ಟರೆ ನಗರಸಭೆಯೇ ಎಲ್ಲರ ಪರವಾಗಿ ಕೂತು ಚೌಕಾಸಿ ಮಾಡುತ್ತದಂತೆ. ಕೇಳದವರನ್ನು ಸೇರಿಸಿಕೊಳ್ಳಲು ಟೆಕ್ಸಸ್ ಕಾನೂನು ಬಿಡುವುದಿಲ್ಲ. ಪ್ರತಿ ಮನೆಯವರೂ ತಾವಾಗಿ ಫಾರಂ ತುಂಬಬೇಕು. ಅಕ್ಟೋಬರ್ ಮೂವತ್ತೊಂದು ಕಡೆಯ ದಿನ.

ಒಳ್ಳೆಯ ಮಾತೇ. ಆದರೆ ನನಗೊಂದು ತೊಡಕಿದೆ. ನನ್ನ ಹೆಸರಿನಲ್ಲಿರುವುದು ಒಂದು ಮೀಟರಲ್ಲ, ಹತ್ತು. ನಮ್ಮ ಮನೆಯದೊಂದು, ವಿಲೋ ಅಪಾರ್ಟ್‌ಮೆಂಟಿನ ಒಂಬತ್ತು ಫ್ಲಾಟಿನವು ಒಂಬತ್ತು. ಆ ಒಂಬತ್ತರಲ್ಲಿರುವವರೆಲ್ಲ ನಮ್ಮ ಕಡೆಯಿಂದ ಓದಲು ಬಂದ ಹುಡುಗ ಹುಡುಗಿಯರು. ಹೊಸದಾಗಿ ಬಂದವರಿಗೆ ಈ ದೇಶದಲ್ಲಿ ಸಾಲ ತಂದು ತೀರಿಸಿದ ದಾಖಲೆ ಇರುವುದಿಲ್ಲ, ಹಾಗಾಗಿ ಲೈಟ್ ಕಂಪನಿ ದೊಡ್ಡ ಠೇವಣಿ ಕೇಳುತ್ತದೆ. ಆರು ವರ್ಷದ ಕೆಳಗೆ ಮೈಸೂರಿನ ಚನ್ನಕೇಶವ ನನ್ನ ಲಾಂಡ್ರಿಗೆ ಬಟ್ಟೆ ಒಗೆಯಲು ಬಂದವನು, "ಅಂಕಲ್, ನಿಮ್ಮ ಹೆಸರಲ್ಲಿ ಲೈಟ್ ತಗೊಂಡ್ಬಿಡಿ, ತಿಂಗಳು ತಿಂಗಳು ನಾನು ಕಟ್ತೀನಿ" ಅಂದ. ಒಲ್ಲೆ ಅನ್ನಲಾಗಲಿಲ್ಲ. ಅವನು ಇನ್ನೊಬ್ಬನಿಗೆ ಹೇಳಿದ, ಆ ಇನ್ನೊಬ್ಬ ಮತ್ತೊಬ್ಬನಿಗೆ.

ಹತ್ತು ಬಿಲ್ಲೂ ನಮ್ಮ ಅಂಚೆಪೆಟ್ಟಿಗೆಗೇ ಬರುತ್ತವೆ. ಗಡುವಿಗೆ ಐದು ದಿನ ಮುಂಚೆ ಅವರಿಗೆ ಒಂದು ಫೋನ್ ಮಾಡುತ್ತೇನೆ, ಮೂರು ದಿನ ಮುಂಚೆ ಇನ್ನೊಂದು. ನನಗೆ ಲೈಟ್ ಅಂಕಲ್ ಎಂದು ಹೆಸರಿಟ್ಟಿದ್ದಾರೆ ಎಂಬುದು ಗೊತ್ತು. ತಿಂಗಳ ಮೊದಲ ಭಾನುವಾರ ಹಲವರು ಹಣ ಕೊಡಲು ಬರುತ್ತಾರೆ, ಊಟ ಮಾಡಿಕೊಂಡು ಹೋಗುತ್ತಾರೆ; ಉಳಿದವರದು ಚನ್ನಕೇಶವನ ಕೈಯಲ್ಲಿ ಬರುತ್ತದೆ. ಇವತ್ತೂ ಬಂದಿದ್ದರು. ಕಾಗದದ ವಿಷಯ ಎತ್ತಲಿಲ್ಲ.

ಆಗಸ್ಟ್ 8

ಹೆಂಡತಿ ಶಿವಬಸವ್ವನಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡಳು.

"ಬಿಲ್ಲಿನ ಮ್ಯಾಲ ಹೆಸರು ಯಾರದೈತ್ರಿ?"

"ನಂದ."

"ಹಂಗಾದ್ರ ಸಹಿನೂ ನೀವ ಮಾಡ್ರಿ. ಇದ್ರಾಗ ತಲಿ ಕೆಡಿಸ್ಕೊಳ್ಳೂದೇನೈತಿ?"

ಅವಳ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಹತ್ತು ಫಾರಂ ತುಂಬಿ, ಹತ್ತಕ್ಕೂ ಸಹಿ ಮಾಡಿ ನಗರಸಭೆಯ ಡಬ್ಬಿಗೆ ಹಾಕಿ ಬಂದೆ. ನಾನು ಒಂಬತ್ತನೆಯ ಇಯತ್ತೆಯಲ್ಲಿ ಸಾಲಿ ಬಿಟ್ಟವನು, ನಡುವೆ ಎರಡು ಸಲ ಪರೀಕ್ಷೆಗೆ ಕೂತು ಎದ್ದು ಬಂದವನು. ಸಹಿ ಮಾತ್ರ ಚೆನ್ನಾಗಿದೆ ಎಂದು ಬ್ಯಾಂಕಿನವರೂ ಹೇಳುತ್ತಾರೆ.

ಆಗಸ್ಟ್ 22

ನಗರಸಭೆಯ ಕ್ಯಾರಲ್ ಎಂಬ ಹೆಂಗಸು ಫೋನಿನಲ್ಲಿ ಸಂದೇಶ ಬಿಟ್ಟಿದ್ದಾಳೆ. ಫಾರಂಗಳ ಬಗ್ಗೆ ಮಾತಾಡಬೇಕಂತೆ. ಅಳಿಸಿದೆ.

ಆಗಸ್ಟ್ 25

ಮತ್ತೆ ಮಾಡಿದ್ದಳು. ಸುಳ್ಳು ಸಹಿಗೆ ಈ ದೇಶದಲ್ಲಿ ಎಷ್ಟು ವರ್ಷ ಹಾಕುತ್ತಾರೋ ತಿಳಿಯದು. ಯಾರನ್ನು ಕೇಳಿದರೂ ಯಾಕೆ ಕೇಳುತ್ತಿದ್ದೀರಿ ಅನ್ನುತ್ತಾರೆ. ಲಾಂಡ್ರಿಯ ಪಾಲು ಶಿವಬಸವ್ವನ ಹೆಸರಿಗೆ ಮಾಡುವುದು ಒಳ್ಳೆಯದೇ ಎಂದು ಯೋಚಿಸುತ್ತಿದ್ದೇನೆ.

ಆಗಸ್ಟ್ 28, ಸೋಮವಾರ

ಮೂರನೆಯ ಫೋನನ್ನು ಶಿವಬಸವ್ವ ಎತ್ತಿಬಿಟ್ಟಳು. "ಹಿ ಕಮಿಂಗ್" ಎಂದು ಹೇಳಿ ಇಟ್ಟಳು. ಹೋಗದೆ ದಾರಿ ಇರಲಿಲ್ಲ.

ಕ್ಯಾರಲ್‌ಗೆ ಅರವತ್ತರ ಹತ್ತಿರ ವಯಸ್ಸು, ಕನ್ನಡಕವನ್ನು ಸರಕ್ಕೆ ಕಟ್ಟಿಕೊಂಡಿದ್ದಾಳೆ. ಹತ್ತು ಫಾರಂಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಮೇಜಿನ ಮೇಲೆ ಹರಡಿದಳು.

"ಮಿಸ್ಟರ್ ಗದಿಗೆಪ್ಪ, ನೀವು ಇವುಗಳಲ್ಲಿ ಯಾವ ಮನೆಯಲ್ಲಿ ಮಲಗುತ್ತೀರಿ?"

ಒಂದನ್ನು ತೋರಿಸಿದೆ.

"ಸದ್ಯ. ನಿಮ್ಮ ಹೆಂಡತಿಯನ್ನು ಏನೆಂದು ಸಮಾಧಾನ ಮಾಡುತ್ತೀರೋ ಅಂದುಕೊಂಡಿದ್ದೆ."

ನನಗೆ ನಗು ಬರಲಿಲ್ಲ. ಎಲ್ಲ ಹೇಳಿಬಿಟ್ಟೆ. ಅವಳು ಕೇಳಿ, ಇದರಲ್ಲಿ ಅಪರಾಧವೇನೂ ಇಲ್ಲ, ಆದರೆ ಎಣಿಕೆಗೆ ಬರುವುದಿಲ್ಲ ಅಂದಳು. ಯಾರು ವಾಸ ಇದ್ದಾರೋ ಅವರ ಹೆಸರಿನಲ್ಲೇ ಲೈಟ್ ಇರಬೇಕು, ಅವರೇ ಸಹಿ ಮಾಡಬೇಕು. ಹತ್ತನ್ನೂ ಒಂದು ಕವರಿಗೆ ಹಾಕಿ ವಾಪಸ್ ಕೊಟ್ಟಳು. ಎದ್ದು ಬರುವಷ್ಟರಲ್ಲಿ ಇನ್ನೊಂದು ಮಾತು ತೆಗೆದಳು. ವಿಲೋದಲ್ಲಿ ಮುನ್ನೂರು ಫ್ಲಾಟಿವೆ, ಬಂದಿರುವುದು ಹನ್ನೊಂದೇ ಫಾರಂ. ನಗರಸಭೆಯವರು ಬಾಗಿಲು ತಟ್ಟಿದರೆ ಯಾರೂ ತೆಗೆಯುವುದಿಲ್ಲ. "ನೀವು ತಟ್ಟಿದರೆ ತೆಗೆಯುತ್ತಾರೆ, ಅಲ್ಲವೇ?"

ಒಲ್ಲೆ ಅನ್ನಲಾಗಲಿಲ್ಲ.

ಸೆಪ್ಟೆಂಬರ್ 3, ಭಾನುವಾರ

ನಮ್ಮ ಒಂಬತ್ತು ಫ್ಲಾಟುಗಳಿಂದಲೇ ಶುರು ಮಾಡಿದೆ. 117ರಲ್ಲಿ ಸುಹಾಸ್ ಎಂಬ ಹುಡುಗ ಇರಬೇಕಿತ್ತು. ಬಾಗಿಲು ತೆಗೆದದ್ದು ನಾನು ಯಾವತ್ತೂ ನೋಡದ ಇಬ್ಬರು ಹುಡುಗಿಯರು, ದಾಕ್ಷಾಯಣಿ ಮತ್ತು ಅಪೇಕ್ಷಾ. ಹೆಸರು ಹೇಳಿದೆ.

ದಾಕ್ಷಾಯಣಿ ಗಾಬರಿಯಾದಳು. "ನೀವು ನಿಜವಾಗ್ಲೂ ಇದ್ದೀರಾ ಅಂಕಲ್? ಗದಿಗೆಪ್ಪ ಅಂದ್ರೆ ಅಪಾರ್ಟ್‌ಮೆಂಟ್ ಓನರ್ ಅಂದ್ಕೊಂಡಿದ್ವಿ."

"ಅಕೌಂಟ್ ಹೆಸರು ಅಷ್ಟೇ, ಮನುಷ್ಯರದ್ದಲ್ಲ ಅಂತ ನಾನು ಹೇಳಿದ್ದೆ" ಅಂದಳು ಅಪೇಕ್ಷಾ.

ಇವರು ಬಂದು ಎಂಟು ತಿಂಗಳಾಗಿದೆ. ಚೆಕ್ಕನ್ನು ಚನ್ನಕೇಶವನ ಕೈಗೆ ಕೊಡುತ್ತಾರಂತೆ, ಅವನು ತಂದು ನನಗೆ ಕೊಡುತ್ತಿದ್ದ; ಆ ಫ್ಲಾಟಿನ ಗಡುವಿನ ಫೋನೂ ನಾನು ಅವನಿಗೇ ಮಾಡುತ್ತಿದ್ದೆ. ನಾನು ಸುಹಾಸನದ್ದು ಅಂದುಕೊಂಡು ಈಸಿಕೊಳ್ಳುತ್ತಿದ್ದೆ. ಎಂಟು ತಿಂಗಳು ಯಾರ ಮನೆಯ ದೀಪಕ್ಕೆ ನಾನು ಜವಾಬ್ದಾರ ಎಂಬುದೇ ನನಗೆ ತಿಳಿದಿರಲಿಲ್ಲ. ಆ ಮನೆಯಲ್ಲಿ ಏನಾದರೂ ಆಗಿದ್ದರೆ ಪೊಲೀಸರು ಮೊದಲು ಬರುವುದು ಯಾರ ಹತ್ತಿರ?

ಸೆಪ್ಟೆಂಬರ್ 9, ಪೇರ್‌ಲ್ಯಾಂಡ್

ಮೀನಾಕ್ಷಿ ಗುಡಿಗೆ ಹೋಗೋಣ ಎಂದು ಶಿವಬಸವ್ವನನ್ನು ಹೊರಡಿಸಿಕೊಂಡು ಬಂದೆ. ಐದು ತಾಸಿನ ದಾರಿ. ನಿಜವಾಗಿ ಬಂದದ್ದು ಸುಹಾಸನನ್ನು ಕೇಳಲು. ಅವನಿಗೆ ಹ್ಯೂಸ್ಟನ್‌ನಲ್ಲಿ ಆಸ್ಪತ್ರೆಯೊಂದರಲ್ಲಿ ಕೆಲಸವಾಗಿದೆ, ಮನೆ ಇಲ್ಲಿ ಮಾಡಿದ್ದಾನೆ.

"ಹೋಗೂ ಮುಂದ ಲೈಟ್ ಬಂದ್ ಮಾಡ್ಸಬೇಕಲ್ಲಪಾ."

"ಅಂಕಲ್, ವಿಲೋದಲ್ಲಿ ಯಾರೂ ಏನೂ ಬಂದ್ ಮಾಡ್ಸಲ್ಲ. ಸೋಫಾ, ಕುಕ್ಕರ್, ಕ್ಯಾರಂ ಬೋರ್ಡು, ನಿಮ್ಮ ಲೈಟು, ಎಲ್ಲಾ ಮುಂದಿನ ಬ್ಯಾಚ್‌ಗೆ. ನನಗೂ ಹಿಂದಿನವರು ಹಾಗೇ ಕೊಟ್ಟಿದ್ದು."

ಹಾಗಾದರೆ ಉಳಿದ ಫ್ಲಾಟುಗಳಲ್ಲಿ ನಾನು ಯಾರಿಗೆ ಹೂಂ ಅಂದಿದ್ದೆನೋ ಅವರು ಎಷ್ಟು ಜನ ಉಳಿದಿದ್ದಾರೆ ಎಂದು ಕೇಳಿದೆ. ಅವನು ಬೆರಳು ಮಡಚಿ, "ಚನ್ನಕೇಶವ ಒಬ್ಬನೇ. ಅವನು ಯಾವ ಕಾಲಕ್ಕೂ ಪಿಎಚ್‌ಡಿ ಮುಗಿಸಲ್ಲ" ಅಂದ.

ಸುಹಾಸನ ಮನೆಗೆ ದಿನಕ್ಕೆ ಇಬ್ಬರು ಮೂವರು ಲೈಟ್ ಮಾರುವವರು ಫೋನ್ ಮಾಡುತ್ತಾರಂತೆ. ಮೊದಲ ತಿಂಗಳು ಒಂದು ದರ, ನಾಲ್ಕನೆಯ ತಿಂಗಳು ಇನ್ನೊಂದು. ಇಲ್ಲಿ ನಗರಸಭೆ ಒಟ್ಟು ಮಾಡಿ ಕೊಳ್ಳುವ ಮಾತೇ ಇಲ್ಲ ಎಂದು ನಮ್ಮ ಊರಿನದನ್ನು ಕೇಳಿ ಆಸೆಪಟ್ಟ.

ಗುಡಿಯಲ್ಲಿ ಶಿವಬಸವ್ವ ಬಹಳ ಹೊತ್ತು ಕೂತಿದ್ದಳು. ನಾನು ಕಾರಿನಲ್ಲಿ ಕೂತು ಫ್ಲಾಟುಗಳ ಒಂಬತ್ತು ನಂಬರು ಬರೆದು, ಯಾರಿದ್ದಾರೆಂದು ಗೊತ್ತಿಲ್ಲದವುಗಳ ಮುಂದೆ ಸೊನ್ನೆ ಹಾಕಿದೆ.

ಸೆಪ್ಟೆಂಬರ್ 16

ಒಬ್ಬರೂ ಹೆಸರು ಬದಲಿಸಲು ಒಪ್ಪುತ್ತಿಲ್ಲ. ಬದಲಿಸಿದರೆ ಠೇವಣಿ ಕಟ್ಟಬೇಕು, ಅದು ಅವರ ಎರಡು ತಿಂಗಳ ದಿನಸಿ. "ಈಗ್ಲೇ ಚೆನ್ನಾಗಿದ್ಯಲ್ಲ ಅಂಕಲ್" ಎನ್ನುತ್ತಾರೆ. 214ರ ಮೇಧಾ ಮಾತ್ರ ಬಾಗಿಲಲ್ಲೇ ನಿಂತು ಫಾರಂ ಪೂರ್ತಿ ಓದಿದಳು. ರಸಾಯನಶಾಸ್ತ್ರ ಓದುವ ಹುಡುಗಿ, ತುಮಕೂರಿನ ಕಡೆಯವಳು, ಯಾವುದನ್ನೂ ಸುಮ್ಮನೆ ಬಿಡುವವಳಲ್ಲ.

"ಅಂಕಲ್, ಊರೆಲ್ಲ ಸೇರಿ ಚೌಕಾಸಿ ಮಾಡೋದು ದರಕ್ಕೆ ಮಾತ್ರಾನಾ? ಠೇವಣಿಗೂ ಮಾಡ್ಬಹುದಲ್ಲ?"

"ಅದನ್ನ ಅವರು ಮಾಡ್ತಾರೋ ಇಲ್ಲೋ."

"ಕೇಳಿದ್ರಾ?"

ಕೇಳಿರಲಿಲ್ಲ.

ಸೆಪ್ಟೆಂಬರ್ 24

ಮಂಗಳವಾರ ನಗರಸಭೆಯ ಕೂಟ. ಊರಿನವರು ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ನನ್ನ ಹೆಸರನ್ನು ಕ್ಯಾರಲ್ ತಾನೇ ಬರೆದುಕೊಂಡಿದ್ದಾಳೆ. ಮಗಳು ನಿಧಿಗೆ ಫೋನ್ ಮಾಡಿ ಇಂಗ್ಲಿಷ್ ಬರೆಸಿಕೊಂಡೆ. ಅವಳು ಆಸ್ಟಿನ್‌ನಲ್ಲಿ ಓದುತ್ತಾಳೆ. ಅಲ್ಲಿ ಲೈಟು ನಗರಸಭೆಯದೇ, ಕಂಪನಿ ಆರಿಸುವ ತಾಪತ್ರಯವಿಲ್ಲ. ಅವಳ ಗೆಳತಿ ಲಿಯಾಂಡರ್‌ನಲ್ಲಿದ್ದಾಳೆ, ಅಲ್ಲಿ ನಮ್ಮ ಹಾಲಿನ ಡೈರಿಯ ಹಾಗೆ ಸಹಕಾರ ಸಂಘದ ಲೈಟಂತೆ. ನಾನು ಮಾತ್ರ ಬಂದು ಬಂದು ಆರಿಸುವ ಊರಿನಲ್ಲೇ ಮನೆ ಮಾಡಿದೆ.

"ಅಪ್ಪಾ, ಡೋಂಟ್ ರೀಡ್ ಇಟ್. ಜಸ್ಟ್ ಟಾಕ್."

"ಮಾತಾಡಾಕ ಬಂದಿದ್ರ ಬರಸ್ಕೊಳ್ಳಾಕ ನಿನಗ್ಯಾಕ ಫೋನ್ ಮಾಡ್ತಿದ್ದೆ?"

ಸೆಪ್ಟೆಂಬರ್ 26

ಆಯಿತು. ಮುಂದಿನ ಸಾಲಿನಲ್ಲಿ ಕೂರಿಸಿದರು. ಎದುರಿಗೆ ಹಸಿರು ದೀಪ ಹತ್ತಿದಾಗ ಎದ್ದೆ. ನಿಧಿ ಬರೆಸಿದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ: ವಿಲೋದಲ್ಲಿ ಹೊಸದಾಗಿ ಬಂದವರು ಬಹಳ. ಠೇವಣಿಗೆ ಹೆದರಿ ಅವರು ಫಾರಂ ತುಂಬುವುದಿಲ್ಲ. ಯೂನಿವರ್ಸಿಟಿಯ ಒಂದು ಪತ್ರ ತೋರಿಸಿದರೆ ಠೇವಣಿ ಬೇಡ ಎಂದು ಕಂಪನಿಯಿಂದ ಒಪ್ಪಿಸಿ, ನಿಮಗೆ ಇನ್ನೂರು ಸಹಿ ತಂದುಕೊಡುತ್ತೇನೆ. ಆರು ವರ್ಷದಲ್ಲಿ ಈ ಮಕ್ಕಳು ಒಂದು ಬಿಲ್ಲನ್ನೂ ತಡ ಮಾಡಿಲ್ಲ.

ಅದು ಹೇಗೆ ಗೊತ್ತು ಎಂದು ಒಬ್ಬರು ಕೇಳಿದರು.

"ಬಿಕಾಸ್ ಐ ಕಾಲ್ ದೆಮ್" ಅಂದೆ. ಯಾಕೋ ಎಲ್ಲರೂ ನಕ್ಕರು. ಕೆಂಪು ದೀಪ ಬರುವ ಮೊದಲೇ ಕೂತೆ.

ಇನ್ನೂರು ಅಂತ ಯಾಕೆ ಹೇಳಿದೆನೋ. ನೂರು ಅಂದಿದ್ದರೂ ನಡೆಯುತ್ತಿತ್ತು.

ಅಕ್ಟೋಬರ್ 12

ಕ್ಯಾರಲ್ ಫೋನ್ ಮಾಡಿದಳು. ಮೊದಲ ಗಂಟೆಗೇ ಎತ್ತಿದೆ. ನಾಲ್ಕು ಕಂಪನಿ ದರ ಹೇಳಿವೆ. ಒಂದು ಕಂಪನಿ ಠೇವಣಿ ಬಿಡಲು ಒಪ್ಪಿದೆ, ಆದರೆ ಸಾವಿರದ ಇನ್ನೂರು ತುಂಬಿದರೆ ಮಾತ್ರ. ಈಗಿರುವುದು ಒಂಬೈನೂರ ನಲವತ್ತು.

ದಿನಾ ಸಂಜೆ ಲಾಂಡ್ರಿ ಶಿವಬಸವ್ವನಿಗೆ ಬಿಟ್ಟು ವಿಲೋಗೆ ಹೋಗುತ್ತಿದ್ದೇನೆ. ಮೆಕ್ಸಿಕೋದವರು, ವಿಯೆಟ್ನಾಮಿನವರು, ಎಲ್ಲರ ಅಡುಗೆಮನೆಯೂ ನೋಡಿ ಆಯಿತು. ಮೊದಲು "ವಿ ಡೋಂಟ್ ಬೈ" ಎನ್ನುತ್ತಾರೆ. ನಾನು ಮಾರುವುದಕ್ಕೆ ಬಂದಿಲ್ಲ ಎಂದು ಹೇಳಿ, ಅವರದೇ ಬಿಲ್ ತರಿಸಿ, ಎಲ್ಲಿ ಎಷ್ಟು ಹಾಕಿದ್ದಾರೆ ಎಂದು ಬೆರಳಿಟ್ಟು ತೋರಿಸುತ್ತೇನೆ. ತಿಂಗಳಿಗೆ ಹತ್ತು ಬಿಲ್ ಓದಿದವನಿಗೆ ಅದೇನು ಕಷ್ಟವಲ್ಲ.

ಅಕ್ಟೋಬರ್ 22, ಭಾನುವಾರ

ಒಂಬತ್ತು ಫ್ಲಾಟಿನವರನ್ನೂ ಮನೆಗೆ ಕರೆದೆ. ಎಣ್ಣೆಗಾಯಿ, ರೊಟ್ಟಿ, ಶೇಂಗಾ ಚಟ್ನಿ. ಊಟಕ್ಕೆ ಮೊದಲು ಸಹಿ ಎಂದು ಶಿವಬಸವ್ವ ಕಟ್ಟುನಿಟ್ಟು ಮಾಡಿದ್ದಳು. ಹೊಸ ಹೆಸರು, ಯೂನಿವರ್ಸಿಟಿಯ ಪತ್ರ, ಸಹಿ. ಚನ್ನಕೇಶವ ಫಾರಂ ಮೇಲೆ ತನ್ನ ಹೆಸರು ಬರೆದು, "ಆರು ವರ್ಷ ಆದ್ಮೇಲೆ ನನಗೂ ಒಂದು ಮನೆ ಆಯ್ತು ನೋಡಿ ಆಂಟಿ" ಅಂದ.

"ಮನಿ ಆಗ್ಲಿಕ್ಕೆ ಲೈಟ್ ಸಾಲೂದಿಲ್ಲಪಾ, ಹೆಂಡ್ತಿ ಬೇಕು" ಅಂದಳು ಅವಳು.

ಮೇಧಾ ಮೂರು ಪುಟವನ್ನೂ ಮತ್ತೊಮ್ಮೆ ಓದಿ ಕಡೆಗೆ ಸಹಿ ಮಾಡಿದಳು. "ಇನ್ಮೇಲೆ ನಿಮಗೆ ಆರಾಮ್ ಅಂಕಲ್. ನಮ್ಮ ಯಾರ ಕಾಟಾನೂ ಇಲ್ಲ."

ಹೌದು ಅಂದೆ. ಆರು ವರ್ಷದಿಂದ ನಾನು ಬೇಡಿಕೊಂಡದ್ದು ಅದನ್ನೇ.

ಅಕ್ಟೋಬರ್ 31

ಮುಟ್ಟಿಸಿದೆ. ವಿಲೋದಿಂದ ಒಟ್ಟು ಇನ್ನೂರ ಹದಿನಾರು. ಊರಿನದು ಸಾವಿರದ ಇನ್ನೂರ ನಲವತ್ತಾರು ಆಯಿತು. ಕ್ಯಾರಲ್ ಎದ್ದು ಬಂದು ಕೈ ಕುಲುಕಿದಳು.

ಮನೆಗೆ ಬಂದು ನೋಡಿದರೆ ಚೀಲದ ಒಳಜೇಬಿನಲ್ಲಿ ಒಂದು ಫಾರಂ ಉಳಿದಿದೆ. ಮೇಧಾಳದ್ದು. ಐದು ಗಂಟೆಯವರೆಗೆ ನಗರಸಭೆ ತೆರೆದಿತ್ತು, ನಾನು ನೋಡಿದಾಗ ನಾಲ್ಕು ಇಪ್ಪತ್ತು. ದಾರಿ ಹತ್ತು ನಿಮಿಷದ್ದು. ಈ ಹೊತ್ತಿನಲ್ಲಿ ಟ್ರಾಫಿಕ್ ಇರುತ್ತದೆ ಎಂದು ಹೋಗಲಿಲ್ಲ. ಲೆಕ್ಕ ಹೇಗೂ ತುಂಬಿದೆ.

ನವೆಂಬರ್ 5, ಭಾನುವಾರ

ಯಾರೂ ಬರಲಿಲ್ಲ. ಬರುವ ಕಾರಣವೂ ಇಲ್ಲ. ಶಿವಬಸವ್ವ ಇಪ್ಪತ್ತು ರೊಟ್ಟಿ ಮಾಡಿದ್ದಳು. ಹದಿನಾಲ್ಕನ್ನು ಒಣಗಿಸಿ ಇಟ್ಟಳು.

ನವೆಂಬರ್ 11

ನಿದ್ದೆ ಚೆನ್ನಾಗಿ ಬರುತ್ತಿದೆ.

ನವೆಂಬರ್ 15

ಚನ್ನಕೇಶವನಿಗೆ ಸುಮ್ಮನೆ ಫೋನ್ ಮಾಡಿದೆ. ಹೊಸ ಬಿಲ್ ಬಂತೇ, ತಾರೀಖು ನೋಡಿಕೊಂಡಿದ್ದಾನೆಯೇ ಎಂದು. "ಬ್ಯಾಂಕಿಂದ ತಾನಾಗೇ ಹೋಗತ್ತೆ ಅಂಕಲ್, ನಾನು ನೋಡೋದೂ ಇಲ್ಲ. ಕ್ಲಾಸಿದೆ, ಆಮೇಲೆ ಮಾಡ್ಲಾ?" ಅಂದ. ಆಮೇಲೆ ಮಾಡಲಿಲ್ಲ. ಮಕ್ಕಳಿಗೆ ಓದುವುದಿರುತ್ತದೆ.

ನವೆಂಬರ್ 20

ಅಂಚೆಪೆಟ್ಟಿಗೆಯಲ್ಲಿ ಎರಡು ಬಿಲ್. ಒಂದು ನಮ್ಮದು, ಒಂದು 214ರದು, ಹಳೆಯ ದರಕ್ಕೆ. ಮೇಧಾಳಿಗೆ ಫೋನ್ ಮಾಡಿದೆ. ಹೆಸರು ಬದಲಾಗುವುದು ಸ್ವಲ್ಪ ತಡವಾಗಿದೆ, ಈ ತಿಂಗಳದ್ದು ನನಗೇ ಕೊಡು ಎಂದು ಹೇಳಿದೆ. ಹೊಸ ದರಕ್ಕೆ ಎಷ್ಟಾಗುತ್ತಿತ್ತೋ ಅಷ್ಟೇ ಹೇಳಿದೆ, ಉಳಿದದ್ದು ನಾನು ಸೇರಿಸಿ ಕಟ್ಟಿದೆ. ಅವಳಿಗೆ ನಷ್ಟವಿಲ್ಲ.

ಭಾನುವಾರ ತಂದುಕೊಡುತ್ತೇನೆ ಅಂದಳು.

ನವೆಂಬರ್ 26, ಭಾನುವಾರ

ಮೇಧಾ ಬಂದಿದ್ದಳು. ಎರಡು ತಾಸು ಇದ್ದಳು. ಶಿವಬಸವ್ವನಿಂದ ರೊಟ್ಟಿ ತಟ್ಟುವುದನ್ನು ಕಲಿಯುತ್ತೇನೆಂದು ಕೂತು ಹಿಟ್ಟೆಲ್ಲ ಹಾಳು ಮಾಡಿದಳು. ನಗರಸಭೆಯವರು ಡಿಸೆಂಬರ್ ಹದಿನೈದರವರೆಗೆ ಮತ್ತೆ ಫಾರಂ ತೆಗೆದುಕೊಳ್ಳುತ್ತಾರಂತೆ, ಅವಳೇ ಹೇಳಿದಳು. ಹೌದಾ ಅಂದೆ.

ಡಿಸೆಂಬರ್ 3, ಭಾನುವಾರ

ಮೇಧಾ ಮತ್ತೆ ಬಂದಳು. ಇವತ್ತು ಕೂರಲಿಲ್ಲ.

"ಅಂಕಲ್, ಅಪೇಕ್ಷಾ ಬಿಲ್ ನೋಡ್ದೆ. ಅದ್ರಲ್ಲಿ ಅವ್ಳ ಹೆಸರಿದೆ. ನಮ್ಮ ಬ್ಯಾಚ್‌ನಲ್ಲಿ ಎಲ್ಲರ ಬಿಲ್‌ನಲ್ಲೂ ಅವರವರ ಹೆಸರೇ ಇದೆ. ನಂದು ಮಾತ್ರ ಯಾಕೆ ತಡ?"

ಕಂಪನಿಯವರದು ಏನೋ ತಪ್ಪಾಗಿರಬೇಕು ಎಂದು ಹೇಳಬೇಕೆಂದಿದ್ದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಒಳಗೆ ಹೋಗಿ ಚೀಲ ತಂದು ಫಾರಂ ಕೊಟ್ಟೆ.

ಅವಳು ತನ್ನ ಸಹಿಯನ್ನೂ ತಾರೀಖನ್ನೂ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ.

"ಮರ್ತು ಹೋಯ್ತಾ?"

"ಇಲ್ಲವ್ವಾ" ಅಂದೆ.

ಅಡುಗೆಮನೆಯಲ್ಲಿ ಶಿವಬಸವ್ವ ರೊಟ್ಟಿ ತಟ್ಟುವ ಸದ್ದು ನಿಂತಿತ್ತು. ಮೇಧಾ ಫಾರಂ ಮಡಚಿ ಪರ್ಸಿಗೆ ಹಾಕಿಕೊಂಡು, "ನಾನೇ ಕೊಟ್ಟು ಬರ್ತೀನಿ" ಅಂದಳು. ಹಳೆಯ ದರಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು, ಅಂದರೆ ಕಳೆದ ತಿಂಗಳು ನಾನು ಕೈಯಿಂದ ಹಾಕಿದ್ದನ್ನು, ಲೆಕ್ಕ ಮಾಡಿಕೊಂಡೇ ಬಂದಿದ್ದಳು. ಆ ಹಣವನ್ನು ಮೇಜಿನ ಮೇಲೆ ಇಟ್ಟು ಹೋದಳು.

ರಾತ್ರಿ ಊಟಕ್ಕೆ ಬಡಿಸುವಾಗ ಶಿವಬಸವ್ವ, "ಕರೀಬೇಕನಿಸಿದ್ರ ಕರೀಬೇಕ್ರಿ, ಅದಕ್ಯಾಕ ಕಾಗದ ಮುಚ್ಚಿಡೂದು" ಅಂದಳು.

ಡಿಸೆಂಬರ್ 8

ಬೆಳಿಗ್ಗೆ ಮೇಧಾಳ ಫೋನ್. ಇನ್ನು ಅವಳ ದನಿ ಕೇಳುವುದಿಲ್ಲ ಅಂದುಕೊಂಡಿದ್ದೆ.

"ಅಂಕಲ್, ನಂದು ಕೊಟ್ಟೆ. ಕ್ಯಾರಲ್ ಲಿಸ್ಟ್ ತೋರಿಸಿದ್ರು. ಅದ್ರಲ್ಲಿ ನಿಮ್ಮ ಹೆಸರೇ ಇಲ್ಲ."

ಸುಳ್ಳಲ್ಲ. ಆಗಸ್ಟಿನಲ್ಲಿ ಕ್ಯಾರಲ್ ವಾಪಸ್ ಕೊಟ್ಟ ಕವರಿನಲ್ಲಿ ನಮ್ಮ ಮನೆಯ ಫಾರಂ ಹಾಗೇ ಇದೆ. ಇನ್ನೂರ ಹದಿನಾರು ಮನೆಯದು ಕೊಟ್ಟೆ, ನಮ್ಮದು ಕೊಟ್ಟಿಲ್ಲ.

"ಇಡೀ ಊರಿಗೆ ದರ ಇಳಿಸಿ ನೀವು ಮಾತ್ರ ಹಳೇ ದರ ಕಟ್ತಿದ್ದೀರಾ? ಆಂಟಿಗೆ ಗೊತ್ತಾ?"

"ಆಕಿಗೆ ಹೇಳಬ್ಯಾಡ."

"ಹದಿನೈದು ಲಾಸ್ಟ್ ಡೇಟ್. ಕೊಟ್ಟಿದ್ದೀರಾ ಇಲ್ವಾ ಅಂತ ಹನ್ನೆರಡನೇ ತಾರೀಖು ಫೋನ್ ಮಾಡ್ತೀನಿ."

ಡಿಸೆಂಬರ್ 12

ಮಾಡಿದಳು. ಲಾಂಡ್ರಿಯಲ್ಲಿ ಕೆಲಸವಿತ್ತು, ನಾಳೆ ಹೋಗುತ್ತೇನೆ ಅಂದೆ. ಹತ್ತು ನಿಮಿಷ ಬೈದಳು. ಅವಳ ಪರೀಕ್ಷೆ ಹದಿನಾಲ್ಕಕ್ಕೆ ಮುಗಿಯುತ್ತದಂತೆ, ಒಂದು ಪೇಪರ್ ಕಷ್ಟವಾಯಿತಂತೆ.

ಡಿಸೆಂಬರ್ 13

ಇವತ್ತೂ ಮಾಡಿದಳು. ಚನ್ನಕೇಶವನಿಗೂ ಹೇಳಿದ್ದಾಳೆ, ಅವನೂ ಮಾಡಿದ. ಆಮೇಲೆ ದಾಕ್ಷಾಯಣಿ.

ಡಿಸೆಂಬರ್ 14

ಕವರಿನಿಂದ ನಮ್ಮ ಫಾರಂ ತೆಗೆದು ಕಾರಿನ ಮುಂದಿನ ಸೀಟಿನಲ್ಲಿ ಇಟ್ಟುಕೊಂಡಿದ್ದೇನೆ. ಮಧ್ಯಾಹ್ನ ನಗರಸಭೆಯ ಮುಂದೆಯೇ ಹಾದು ಬಂದೆ, ನಿಲ್ಲಿಸಲಿಲ್ಲ. ಸಂಜೆ ಮತ್ತೆ ಫೋನ್ ಬರುತ್ತದೆ. ನಾಳೆ ಐದರವರೆಗೆ ತೆರೆದಿರುತ್ತದೆ.